ಬೂಟಿಗೆ ಲಾಳ: ಒಂದು ವಿಮರ್ಶೆ

ಈ ಪುಟದಲ್ಲಿ ಸಾಮಾನ್ಯವಾಗಿ ಯುಗಾದಿ ನಾಟಕದ ವಿಮರ್ಶೆಯೋ, ಊರಿನಿಂದ ಯಾರೋ ತಂದುಕೊಟ್ಟ ಪುಸ್ತಕದ ಪರಿಚಯವೋ ಬರುವುದು ವಾಡಿಕೆ. ಈ ಸಲ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ರಬ್ಬರು ಮತ್ತು ಉಕ್ಕಿನಿಂದ ಮಾಡಿದ ಒಂದು ವಸ್ತುವನ್ನು. ಅಂಗಡಿಯವರು ಅದನ್ನು ಐಸ್ ಕ್ಲೀಟ್ ಎನ್ನುತ್ತಾರೆ. ಬೂಟಿನ ಮೇಲೆ ಎಳೆದು ತೊಡಿಸುವ ರಬ್ಬರಿನ ಪಟ್ಟಿ, ಅಡಿಯಲ್ಲಿ ಮುಳ್ಳೋ ಸುರುಳಿಯೋ ಇರುತ್ತದೆ. ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕೆಂದು ಮನೆಯಲ್ಲಿ ಚರ್ಚೆ ನಡೆದಾಗ, ತುಮಕೂರಿನಿಂದ ಬಂದಿದ್ದ ನಮ್ಮ ಅತ್ತೆಯವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: "ಲಾಳ ಅನ್ನಿ. ಎತ್ತಿಗೆ ಕಟ್ಟೋದಿಲ್ವೆ, ಟಾರು ರಸ್ತೇಲಿ ಗೊರಸು ಸವೀದ ಹಾಗೆ, ಕಾಲು ಜಾರದ ಹಾಗೆ?" ಅಂದಿನಿಂದ ನಮ್ಮ ಮನೆಯಲ್ಲಿ ಅದು ಲಾಳವೇ. ಈ ಲೇಖನದಲ್ಲೂ ಹಾಗೇ ಕರೆಯುತ್ತೇವೆ.

ವಿಷಯಕ್ಕೆ ಬರೋಣ. ಫೆಬ್ರವರಿಯ ಮೂರನೆಯ ಸೋಮವಾರ ಒಂಟಾರಿಯೋದಲ್ಲಿ ಫ್ಯಾಮಿಲಿ ಡೇ ರಜೆ ಎಂಬುದು, ಆ ವಾರಾಂತ್ಯದಲ್ಲಿ ಕೆನಡಾದ ನಿವಾಸಿಗಳು ಲೈಸೆನ್ಸ್ ಇಲ್ಲದೆ ಮೀನು ಹಿಡಿಯಬಹುದೆಂಬುದು ನಿಮಗೆಲ್ಲ ತಿಳಿದದ್ದೇ. ನಮ್ಮ ಸಂಘದ ಸಂಸಾರಗಳು ಆಗ ಸಿಮ್ಕೋ ಸರೋವರಕ್ಕೆ ಹೊರಡುತ್ತವೆ. ಮೀನನ್ನೇ ಮುಟ್ಟದವರು ಮೀನು ಹಿಡಿಯಲು ಏಕೆ ಹೋಗುತ್ತಾರೆಂದು ಯಾರೂ ಕೇಳಬೇಡಿ; ಥರ್ಮಾಸಿನ ಕಾಫಿ, ಚುರುಮುರಿ ಮತ್ತು ಗುಡಿಸಲಿನೊಳಗಿನ ಹರಟೆಗೆ ಸಸ್ಯಾಹಾರ ಮಾಂಸಾಹಾರದ ಭೇದವಿಲ್ಲ. ಹಿಡಿದ ಪರ್ಚ್ ಮೀನು ಮಸಾಲೆ ಹಚ್ಚಿಸಿಕೊಂಡು ತವಾ ಸೇರುವುದು ನಮ್ಮ ಮಂಗಳೂರಿನ ಸ್ನೇಹಿತರ ಮನೆಯಲ್ಲಿ. ಈ ಸಲದ ಪ್ರವಾಸಕ್ಕೆಂದು ಕಾರ್ಯಕಾರಿ ಸಮಿತಿಯವರು ಒಂದು ಸುತ್ತೋಲೆ ಕಳಿಸಿದ್ದಾರೆ. ಅರವತ್ತು ಜೊತೆ ಲಾಳಗಳನ್ನು ಸಗಟಿನಲ್ಲಿ ಕೊಂಡರೆ ಒಳ್ಳೆಯ ರಿಯಾಯಿತಿ ಸಿಗುತ್ತದಂತೆ. ಪ್ರತಿ ಮನೆಯವರೂ ಬೂಟಿನ ನಂಬರು ಬರೆದು ಕಳಿಸಬೇಕಂತೆ. ಉದ್ದೇಶ ಉತ್ತಮವಾದದ್ದು. ಆದರೆ ಅವರು ಆರಿಸಿರುವ ಮಾದರಿಯನ್ನು ನೋಡಿ ನಮಗೆ ಸುಮ್ಮನಿರಲು ಆಗಲಿಲ್ಲ. ಅದೇ ಮಾದರಿ ಎರಡು ವರ್ಷದ ಹಿಂದೆ ನಮ್ಮ ಅತ್ತೆಯವರ ಕಾಲಲ್ಲಿತ್ತು.

ಆ ದಿನದ ಕಥೆ ಕೆಲವರಿಗೆ ಗೊತ್ತು. ಮುಂಜಾನೆ ಮೈನಸ್ ಹದಿನಾಲ್ಕು, ಮಧ್ಯಾಹ್ನ ಬಿಸಿಲು. ಗಾಳಿ ಸರೋವರದ ಮೇಲಿನ ಹಿಮವನ್ನೆಲ್ಲ ಗುಡಿಸಿ ಹಾಕಿ, ಅಲ್ಲಲ್ಲಿ ಗಾಜಿನಂತಹ ಕಪ್ಪು ಮಂಜುಗಡ್ಡೆ ಬರಿದಾಗಿ ಹೊಳೆಯುತ್ತಿತ್ತು. ನಾವಿಬ್ಬರೂ ನಮಗೆಂದು ಸರಪಳಿ ಮುಳ್ಳಿನ ಲಾಳ ಕೊಂಡಿದ್ದೆವು. ಆಗರ್ ತಿರುಗಿಸುವವರು, ಸ್ಲೆಡ್ ಎಳೆಯುವವರು ನಾವಲ್ಲವೇ? ಅತ್ತೆಯವರು ಬರೀ ಕುಳಿತು ನೋಡುವವರು, ಅವರಿಗೆ ಅಗ್ಗದ್ದು ಸಾಕೆಂದು ಸುರುಳಿಯ ಲಾಳ ತಂದಿದ್ದೆವು. ಗುಡಿಸಲಿನಿಂದ ಹೊರಬಂದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬಲಗಾಲಿನ ಲಾಳ ಹಿಮ್ಮಡಿಯಿಂದ ಕಳಚಿ ಪಕ್ಕಕ್ಕೆ ಸರಿಯಿತು, ಎಡಗಾಲಿನದು ಕಚ್ಚಲೇ ಇಲ್ಲ. ಅವರು ಕೈ ಊರಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರು. ಮೊಮ್ಮಗಳಿಗೆ ಎಣ್ಣೆ ಹಚ್ಚಿ ಜಡೆ ಹಾಕಲೆಂದೇ ಅಷ್ಟು ದೂರ ಬಂದವರು ಬಲಗೈಯನ್ನು ಜೋಳಿಗೆಯಲ್ಲಿ ಇಟ್ಟುಕೊಂಡು ಊರಿಗೆ ಹಿಂತಿರುಗಿದರು. ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ತಪ್ಪು ನಮ್ಮದೇ. ಯಾರು ಚೆನ್ನಾಗಿ ನಡೆಯಬಲ್ಲರೋ ಅವರಿಗೆ ಒಳ್ಳೆಯ ಲಾಳ, ಯಾರು ಕಷ್ಟದಿಂದ ನಡೆಯುತ್ತಾರೋ ಅವರಿಗೆ ಕಳಪೆಯದು ಎಂಬ ನಮ್ಮ ಹಂಚಿಕೆಯ ಲೆಕ್ಕವೇ ತಲೆಕೆಳಗಾಗಿತ್ತು. ಅಂದಿನಿಂದ ಎರಡು ಚಳಿಗಾಲ ನಾವು ನಾಲ್ಕು ಬಗೆಯ ಲಾಳಗಳನ್ನು ಹಾಕಿಕೊಂಡು ಸರೋವರದ ಮೇಲೆ ನಡೆದಿದ್ದೇವೆ. ಈ ವಿಮರ್ಶೆಗೆ ಆಧಾರ ಅದು.

ಮೊದಲು ಸುರುಳಿಯದು. ರಬ್ಬರಿನ ಹುರಿಗಳಿಗೆ ಉಕ್ಕಿನ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿರುತ್ತಾರೆ. ಹಗುರ, ಅಗ್ಗ, ಕೋಟಿನ ಜೇಬಿನಲ್ಲಿ ಹಿಡಿಯುತ್ತದೆ. ಫುಟ್‌ಪಾತಿನ ಮೇಲೆ ತುಳಿದು ಗಟ್ಟಿಯಾದ ಹಿಮದಲ್ಲಿ ಈ ತಂತಿಗಳು ಹೂತುಕೊಂಡು ಹಿಡಿತ ಕೊಡುತ್ತವೆ. ಅಂಚೆ ಡಬ್ಬಿಯವರೆಗೆ ಹೋಗಿಬರಲು ನಾವೂ ಇದನ್ನೇ ಹಾಕಿಕೊಳ್ಳುತ್ತೇವೆ, ದೂರೇನಿಲ್ಲ. ಆದರೆ ಸರೋವರದ ಬರಿ ಮಂಜುಗಡ್ಡೆ ಹಿಮವಲ್ಲ. ಅದರೊಳಕ್ಕೆ ಇಳಿಯಲು ಮೊನೆ ಬೇಕು. ಉರುಟಾದ ತಂತಿಗೆ ಮೊನೆ ಎಲ್ಲಿಂದ ಬರಬೇಕು? ನೇರವಾಗಿ ನಡೆಯುವಾಗ ಹೇಗೋ ನಿಲ್ಲುತ್ತದೆ, ಪಕ್ಕಕ್ಕೆ ತಿರುಗಿದಾಗ ಕೈ ಬಿಡುತ್ತದೆ. ಸಮಿತಿಯವರ ಆಯ್ಕೆ ಇದೇ. ಬೆಲೆ ನೋಡಿ ಆರಿಸಿದ್ದಾರೆ, ನೆಲ ನೋಡಿ ಅಲ್ಲ.

ಎರಡನೆಯದು ಗುಬುಟಿನ ಲಾಳ. ರಬ್ಬರಿನ ಪಟ್ಟಿಯಲ್ಲಿ ಚಿಕ್ಕ ಚಿಕ್ಕ ಲೋಹದ ಗುಬುಟುಗಳನ್ನು ಕೂರಿಸಿರುತ್ತಾರೆ. ಒಳ್ಳೆಯವಾದರೆ ಅವುಗಳ ತುದಿ ಟಂಗ್‌ಸ್ಟನ್ ಕಾರ್ಬೈಡಿನದು. ಉಕ್ಕಿಗಿಂತ ಗಟ್ಟಿ, ಕಾಂಕ್ರೀಟಿನ ಮೇಲೆ ನಡೆದರೂ ಬೇಗ ಮೊಂಡಾಗುವುದಿಲ್ಲ. ಕಾರು ನಿಲ್ಲಿಸಿದ ಜಾಗದಿಂದ ದಡಕ್ಕೆ, ದಡದಿಂದ ಗುಡಿಸಲಿಗೆ ಎಂದು ಮೂರು ಬಗೆಯ ನೆಲದ ಮೇಲೆ ಓಡಾಡುವ ನಮ್ಮಂತಹವರಿಗೆ ಇದು ಬಹಳ ಅನುಕೂಲ. ಕೊಳ್ಳುವಾಗ ತಿರುಗಿಸಿ ನೋಡಬೇಕಾದದ್ದು ಒಂದಿದೆ. ಕೆಲವು ಪಟ್ಟಿಗಳಲ್ಲಿ ಗುಬುಟು ಮುಂಗಾಲಿನ ಅಡಿಯಲ್ಲಿ ಮಾತ್ರ ಇದ್ದು ಹಿಮ್ಮಡಿ ಬೋಳಾಗಿರುತ್ತದೆ. ನಡೆಯುವಾಗ ಮೊದಲು ನೆಲ ಮುಟ್ಟುವುದು ಹಿಮ್ಮಡಿ, ಜಾರುವುದೂ ಅದೇ. ಅರ್ಧ ಲಾಳ ಹೊಡೆದ ಎತ್ತನ್ನು ಯಾವ ರೈತ ತಾನೇ ಗಾಡಿಗೆ ಹೂಡುತ್ತಾನೆ?

ಮೂರನೆಯದು ಸರಪಳಿಯ ಲಾಳ. ಬೂಟಿನ ಸುತ್ತ ದಪ್ಪ ರಬ್ಬರಿನ ಬಳೆ, ಅಡಿಯಲ್ಲಿ ಸರಪಳಿ, ಅದಕ್ಕೆ ಸುಮಾರು ಒಂದು ಸೆಂಟಿಮೀಟರ್ ಉದ್ದದ ಮುಳ್ಳುಗಳು. ಬರಿ ಮಂಜುಗಡ್ಡೆಯ ಮೇಲೆ ಇದಕ್ಕೆ ಸಾಟಿಯಿಲ್ಲ. ಮಂಜುಗಡ್ಡೆ ಕೊರೆಯುವ ಆಗರನ್ನು ಗಿರಮಿಟ್ಟಿನಂತೆ ತಿರುಗಿಸುವಾಗ ಕಾಲು ಅಗಲಿಸಿ ನಿಂತಿರುತ್ತೇವಲ್ಲ, ಆಗರಿನ ಹಲ್ಲು ಸಿಕ್ಕಿಕೊಂಡರೆ ಅದು ನಿಂತು ನಾವು ತಿರುಗುತ್ತೇವೆ! ಆಗ ಕಾಲ ಕೆಳಗೆ ಮುಳ್ಳಿದ್ದರೆ ಸೊಂಟ ಉಳಿಯುತ್ತದೆ. ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸಿರುವುದಿಲ್ಲ. ಇಡೀ ಸರೋವರದಲ್ಲಿ ಅತಿ ಜಾರುವ ಜಾಗ ನಾವು ಕೊರೆದ ತೂತಿನ ಸುತ್ತಮುತ್ತಲೇ. ಆಗರ್ ಎತ್ತಿದಾಗ ಚೆಲ್ಲಿದ ನೀರು ಅಲ್ಲೇ ಹರಡಿ ಹೆಪ್ಪುಗಟ್ಟುತ್ತದೆ, ಅದರ ಮೇಲೆ ಮತ್ತೆ ನೀರು. ಮೀನು ಎಳೆದ ಸಂಭ್ರಮದಲ್ಲಿ ಎದ್ದು ಕುಣಿಯುವುದೂ ಅಲ್ಲೇ.

ಹಾಗೆಂದು ಸರಪಳಿಯದಕ್ಕೆ ದೋಷವಿಲ್ಲವೇ? ಇದೆ. ಒದ್ದೆ ಹಿಮದಲ್ಲಿ ಮುಳ್ಳುಗಳ ನಡುವೆ ಉಂಡೆ ಕಟ್ಟಿಕೊಂಡು ಮುಳ್ಳು ನೆಲ ಮುಟ್ಟದಂತಾಗುತ್ತದೆ; ಆಗಾಗ ಕಾಲು ಕುಟ್ಟಿ ಉದುರಿಸಬೇಕು. ಅಂಗಡಿಯ ಟೈಲ್ಸ್ ನೆಲದ ಮೇಲೆ ಇದು ಉಳಿದೆಲ್ಲಕ್ಕಿಂತ ಅಪಾಯಕಾರಿ, ಉಕ್ಕು ಟೈಲ್ಸನ್ನು ಕಚ್ಚುವುದಿಲ್ಲ, ಸ್ಕೇಟಿನಂತೆ ಓಡುತ್ತದೆ. ಬಾಡಿಗೆ ಗುಡಿಸಲಿನ ಪ್ಲೈವುಡ್ ನೆಲವನ್ನು ಕಿತ್ತುಹಾಕುವುದರಿಂದ ಅದರ ಮಾಲೀಕರಿಗೂ ಸಿಟ್ಟು. ಕಾರು ನಡೆಸುವಾಗಂತೂ ತೆಗೆಯಲೇಬೇಕು. ಹಾಗಾಗಿ ದಿನಕ್ಕೆ ಏಳೆಂಟು ಸಲ ಹಾಕುವುದು, ತೆಗೆಯುವುದು. ಬೆರಳು ಮರಗಟ್ಟಿದ ಮೇಲೆ, ಬಗ್ಗಲಾರದ ಹಿರಿಯರು ಈ ಬಿಗಿ ರಬ್ಬರನ್ನು ತಾವೇ ಎಳೆಯುವುದು ಆಗದ ಮಾತು. ಅವರಿಗೆ ಮಕ್ಕಳೋ ಸೊಸೆಯೋ ಕುಳಿತು ತೊಡಿಸಬೇಕು. ತೊಡಿಸಿದರೆ ಏನಾಯಿತು?

ನಾಲ್ಕನೆಯದು ನಮ್ಮ ಸಂಘದ ಮೆಕ್ಯಾನಿಕಲ್ ಇಂಜಿನಿಯರುಗಳ ಉಪಾಯ. ಹಳೆಯ ಬೂಟಿನ ದಪ್ಪ ಅಟ್ಟೆಗೆ ಆರು ಮೂಲೆಯ ತಲೆಯಿರುವ ಗಿಡ್ಡ ತಗಡಿನ ಸ್ಕ್ರೂಗಳನ್ನು ಬಿಗಿಯುವುದು. ಸ್ಕ್ರೂವಿನ ತಲೆಯ ಅಂಚು ಮಂಜುಗಡ್ಡೆಯನ್ನು ಹಿಡಿಯುತ್ತದೆ. ಖರ್ಚು ಮೂರೋ ನಾಲ್ಕೋ ಡಾಲರು, ಹಿಡಿತ ಮೆಚ್ಚುವಂತಹುದೇ. ಆದರೆ ಆ ಬೂಟು ಸರೋವರಕ್ಕೇ ಮೀಸಲು, ಮನೆಯೊಳಗೆ ತರುವ ಹಾಗಿಲ್ಲ. ಸ್ಕ್ರೂ ಉದ್ದವಾದರೆ ಅಟ್ಟೆ ತೂರಿ ಪಾದ ಚುಚ್ಚುತ್ತದೆ, ಚುಚ್ಚದಿದ್ದರೂ ಚಳಿಯನ್ನು ಒಳಕ್ಕೆ ಕರೆತರುತ್ತದೆ. ಮಾಡಿಕೊಳ್ಳಬಲ್ಲವರು ಮಾಡಿಕೊಳ್ಳಲಿ. ಅರವತ್ತು ಜನಕ್ಕೆ ಇದು ಪರಿಹಾರವಲ್ಲ.

ಈಗ ಗಾತ್ರದ ಮಾತು. ಸುತ್ತೋಲೆಯ ದೊಡ್ಡ ತಪ್ಪು ಇಲ್ಲಿದೆ ಎಂದು ನಮ್ಮ ಅಭಿಪ್ರಾಯ. ಬೂಟಿನ ನಂಬರು ಪಾದದ ಅಳತೆ. ಲಾಳ ಕೂರುವುದು ಬೂಟಿನ ಹೊರಮೈ ಮೇಲೆ. ಐಸ್ ಫಿಶಿಂಗಿಗೆ ಹಾಕುವ, ಒಳಗೆ ಫೆಲ್ಟ್ ಇರುವ ಬೂಟುಗಳು ಆನೆಯ ಪಾದದಂತಿರುತ್ತವೆ. ಎಂಟರ ನಂಬರಿನ ಫೆಲ್ಟ್ ಬೂಟು ಹನ್ನೊಂದರ ಸಾಧಾರಣ ಬೂಟಿನಷ್ಟು ಅಗಲ. ನಂಬರು ನೋಡಿ ತಂದ ಲಾಳ ಅದರ ಮೇಲೆ ಎಳೆದಾಡಿ ಕೂತಂತೆ ಕಾಣುತ್ತದೆ, ಹಿಮ್ಮಡಿಯ ಕಡೆ ಅರ್ಧ ಇಂಚು ಮಾತ್ರ ಹಿಡಿದಿರುತ್ತದೆ, ನಾಲ್ಕು ಹೆಜ್ಜೆಗೆ ಕಳಚುತ್ತದೆ. ಅತ್ತೆಯವರ ಬಲಗಾಲಿನಲ್ಲಿ ನಡೆದದ್ದು ಇದೇ. ಅತಿ ಬಿಗಿಯಾದರೆ ಬೂಟನ್ನು ಒತ್ತಿ, ಬೆರಳಿಗೆ ರಕ್ತ ಹರಿಯದೆ ಕಾಲು ತಣ್ಣಗಾಗುತ್ತದೆ. ಪಾದದ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಇರುವಂತಹದನ್ನೇ ಕೊಳ್ಳಿ. ಕಳಚಿದರೂ ಕಾಲಿನಿಂದ ದೂರ ಹಾರಿಹೋಗುವುದಿಲ್ಲ.

ರಬ್ಬರನ್ನು ಪರೀಕ್ಷಿಸಲು ಮನೆಯಲ್ಲೇ ಪ್ರಯೋಗಶಾಲೆಯಿದೆ. ಮನೆಯ ಫ್ರೀಜರು ಸಾಮಾನ್ಯವಾಗಿ ಮೈನಸ್ ಹದಿನೆಂಟರ ಆಸುಪಾಸಿನಲ್ಲಿರುತ್ತದೆ. ಕಾಯಿತುರಿಯ ಪ್ಯಾಕೆಟ್ಟಿನ ಪಕ್ಕ ಲಾಳವನ್ನು ಒಂದು ರಾತ್ರಿ ಇಟ್ಟು, ಬೆಳಿಗ್ಗೆ ತೆಗೆದ ಕೂಡಲೇ ಎಳೆದು ನೋಡಿ. ಒಳ್ಳೆಯದು ಆಗಲೂ ಹಿಗ್ಗುತ್ತದೆ. ಕಳಪೆಯದು ಹಪ್ಪಳದಂತೆ ಬಿರುಸಾಗುತ್ತದೆ; ನಾವು ಇಟ್ಟ ಅಗ್ಗದ ಒಂದು ಜೊತೆ ಎಳೆದೊಡನೆ ಬಿರುಕು ಬಿಟ್ಟಿತು. ಸಮಿತಿಯವರು ಅರವತ್ತಕ್ಕೆ ದುಡ್ಡು ಕಟ್ಟುವ ಮೊದಲು ಒಂದು ಜೊತೆಯನ್ನಾದರೂ ಫ್ರೀಜರಿಗೆ ಹಾಕಲಿ.

"ಒಳ್ಳೆಯ ಬೂಟೇ ಇದೆಯಲ್ಲ, ಲಾಳ ಏಕೆ?" ಎಂದು ಕೇಳುವವರಿದ್ದಾರೆ. ನಮ್ಮ ಟೊರಾಂಟೊದಲ್ಲೇ, ಟೊರಾಂಟೊ ರೀಹ್ಯಾಬಿಲಿಟೇಶನ್ ಇನ್‌ಸ್ಟಿಟ್ಯೂಟಿನಲ್ಲಿ, ವಿಂಟರ್‌ಲ್ಯಾಬ್ ಎಂಬ ಪ್ರಯೋಗಶಾಲೆಯಿದೆ. ಅದರ ನೆಲವೇ ಮಂಜುಗಡ್ಡೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಸ್ವಯಂಸೇವಕರು ಬೂಟು ತೊಟ್ಟು ಅದರ ಮೇಲೆ ನಡೆಯುತ್ತಾರೆ, ಕಾಲು ಜಾರುವವರೆಗೆ ನೆಲವನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತಾರೆ. ಏಳು ಡಿಗ್ರಿ ಓರೆಯಲ್ಲಿ ಜಾರದಿದ್ದರೆ ಕನಿಷ್ಠ ದರ್ಜೆ. 2016ರಲ್ಲಿ ಮೊದಲ ಫಲಿತಾಂಶ ಪ್ರಕಟವಾದಾಗ, ಪರೀಕ್ಷಿಸಿದ 98 ಬಗೆಯ ಬೂಟುಗಳಲ್ಲಿ ಹತ್ತಕ್ಕೊಂದರಷ್ಟೂ ಆ ಕನಿಷ್ಠ ದರ್ಜೆಯನ್ನು ಮುಟ್ಟಿರಲಿಲ್ಲ. ಬೂಟು ಬೆಚ್ಚಗಿರುವುದೇ ಬೇರೆ, ಜಾರದಿರುವುದೇ ಬೇರೆ. ಅಲ್ಲಿ ಒಣ ಮಂಜುಗಡ್ಡೆ, ನೀರಾಡುವ ಮಂಜುಗಡ್ಡೆ ಎರಡರ ಮೇಲೂ ನಡೆಸಿ ನೋಡುತ್ತಾರೆ. ಕರಗಿ ಮೇಲೆ ನೀರಿನ ಪದರ ಬಂದದ್ದು ಕಡು ಚಳಿಯ ಮಂಜುಗಡ್ಡೆಗಿಂತ ಹೆಚ್ಚು ಜಾರುತ್ತದೆ. ಬಿಸಿಲು ಬಂತೆಂದು ಮಧ್ಯಾಹ್ನ ಲಾಳ ಬಿಚ್ಚಿಡುವವರು ಇದನ್ನು ಗಮನಿಸಬೇಕು. ಅತ್ತೆಯವರು ಬಿದ್ದದ್ದು ಬಿಸಿಲಿನಲ್ಲೇ.

ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಮುಳ್ಳಿನ ಲಾಳ ತೊಟ್ಟೊಡನೆ ಒಂದು ಬಗೆಯ ಶೌರ್ಯ ಬರುತ್ತದೆ, ಕಾಲು ತಾನಾಗಿ ದೂರ ದೂರ ಹೋಗುತ್ತದೆ. ಲಾಳ ಜಾರದಂತೆ ಕಾಯುತ್ತದೆ, ಮುಳುಗದಂತಲ್ಲ. ನಡೆಯಲು ಕನಿಷ್ಠ ನಾಲ್ಕು ಇಂಚು ಗಟ್ಟಿ ತಿಳಿ ಮಂಜುಗಡ್ಡೆ ಇರಬೇಕೆಂಬುದು ಸಾಮಾನ್ಯ ಸೂತ್ರ. ಕೆನಡಾದ ರೆಡ್ ಕ್ರಾಸ್ ಸಂಸ್ಥೆ ಇನ್ನೂ ಎಚ್ಚರಿಕೆಯಿಂದ 15 ಸೆಂಟಿಮೀಟರ್ ಎನ್ನುತ್ತದೆ. ಬಿಳಿ ಮಂಜುಗಡ್ಡೆಯಾದರೆ ಅದರ ಬಲ ಸುಮಾರು ಅರ್ಧ ಮಾತ್ರ. ಸಿಮ್ಕೋದಲ್ಲಿ ಆಳ ಕಡಿಮೆಯಿರುವ ಕುಕ್ಸ್ ಬೇ ಬೇಗ ಗಟ್ಟಿಯಾಗುತ್ತದೆ, ಕೆಂಪನ್‌ಫೆಲ್ಟ್ ಬೇ ಆಳವಾದ್ದರಿಂದ ತಡವಾಗಿ. ಕಳೆದ ವಾರ ಕುಕ್ಸ್ ಬೇಯಲ್ಲಿ ನಡೆದವರು ಅದೇ ಧೈರ್ಯದಿಂದ ಇನ್ನೊಂದು ಕಡೆ ಕಾಲಿಡಬಾರದು.

ಆದ್ದರಿಂದ ಸಮಿತಿಯವರಲ್ಲಿ ನಮ್ಮ ಅರಿಕೆ ಇಷ್ಟು. ಅರವತ್ತು ಜೊತೆ ಸುರುಳಿಯ ಲಾಳದ ಬದಲು, ಅದೇ ಹಣಕ್ಕೆ ಇಪ್ಪತ್ತು ಜೊತೆ ಒಳ್ಳೆಯದನ್ನು ಕೊಳ್ಳಿ. ಕೆಲವು ಸರಪಳಿಯವು, ಹೆಚ್ಚಿನವು ಹಿಮ್ಮಡಿಗೂ ಗುಬುಟು ಇರುವಂತಹವು, ದೊಡ್ಡ ಗಾತ್ರದವೇ ಹೆಚ್ಚಿರಲಿ. ಅವು ಸಂಘದ ಆಸ್ತಿಯಾಗಿ ಒಂದು ಪೆಟ್ಟಿಗೆಯಲ್ಲಿರಲಿ. ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ, ಅತ್ತೆ ಮಾವಂದಿರಿಗೆ ಮೊದಲು ಹಂಚಿ, ಮಿಕ್ಕದ್ದು ಉಳಿದವರಿಗೆ. ವರ್ಷಕ್ಕೊಮ್ಮೆ ಸರೋವರಕ್ಕೆ ಬರುವವರು ಸ್ವಂತಕ್ಕೆ ಕೊಂಡು ಗ್ಯಾರೇಜಿನ ಮೊಳೆಗೆ ತೂಗುಹಾಕುವ ಅಗತ್ಯವಿಲ್ಲ. ಇದಕ್ಕೆ ವಿರುದ್ಧ ಅಭಿಪ್ರಾಯವಿದ್ದವರು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲು ಸಂಪಾದಕರು ಒಪ್ಪಿದ್ದಾರೆ.

ಅತ್ತೆಯವರು ಈ ಡಿಸೆಂಬರಿನಲ್ಲಿ ಮತ್ತೆ ಬರುತ್ತಿದ್ದಾರೆ. ಸರೋವರಕ್ಕೆ ಬರುತ್ತೀರಾ ಎಂದು ಹಿಂಜರಿಯುತ್ತಲೇ ಫೋನಿನಲ್ಲಿ ಕೇಳಿದೆವು. "ಲಾಳ ಗಟ್ಟಿಯಾಗಿದ್ದರೆ ಬರ್ತೀನಿ" ಎಂದರು. ನಾಲ್ಕೂ ಬಗೆಯ ಮಾದರಿಗಳು ನಮ್ಮ ಮನೆಯ ಬಾಗಿಲ ಪಕ್ಕದಲ್ಲೇ ಇವೆ. ಶನಿವಾರ ಭಾನುವಾರ ಬಿಡುವಿದ್ದವರು ಬಂದು ಹಾಕಿ ನೋಡಬಹುದು. ಬರುವಾಗ ಸರೋವರಕ್ಕೆ ತೊಡುವ ಬೂಟನ್ನೇ ತನ್ನಿ.