ಪರದೆ ಸರಿಸಿದರೆ ಎಕಾನಮಿ

ಯುರೋಪಿನೊಳಗಿನ ಒಂದೂವರೆ ಗಂಟೆಯ ವಿಮಾನಪ್ರಯಾಣ ಹೇಗಿತ್ತು ಅಂತ ಯಾರನ್ನೇ ಕೇಳಿ, ಮೊದಲು ಬರೋದು ಮಂಡಿಯ ಮಾತು. ಮಂಡಿ ಮುಂದಿನ ಸೀಟಿಗೆ ಒತ್ತತ್ತೆ, ಸೀಟು ಹಿಂದಕ್ಕೆ ವಾಲಲ್ಲ, ಎಷ್ಟೋ ವಿಮಾನಗಳಲ್ಲಿ ನೀರಿಗೂ ದುಡ್ಡು. ಎಲ್ಲ ನಿಜ. ಆದರೆ ಈ ದೂರುಗಳಲ್ಲಿ ನನಗೆ ಅಷ್ಟೇನೂ ಆಸಕ್ತಿಯಿಲ್ಲ. ಮ್ಯೂನಿಕ್‌ನಿಂದ ರೋಮ್‌ಗೆ ಒಂದೂವರೆ ಗಂಟೆ. ಸಿಲ್ಕ್ ಬೋರ್ಡ್ ದಾಟೋಕೆ ಅದಕ್ಕಿಂತ ಹೆಚ್ಚು ಹೊತ್ತು, ಅದಕ್ಕಿಂತ ಕೆಟ್ಟ ಸೀಟಿನಲ್ಲಿ ಕೂತು ಬಂದವರು ನಾವು. ಊಟ ಕೊಡಲಿಲ್ಲ ಅಂತ ಗೊಣಗೋದಕ್ಕೆ ಅದೇನು ದೊಡ್ಡಪ್ಪನ ಮಗಳ ಮದುವೆಯೇ?

ವಿಮರ್ಶೆ ಮಾಡಲೇಬೇಕೆಂದರೆ ಸೀಟನ್ನು ಬಿಟ್ಟು ಪರದೆಯಿಂದ ಶುರು ಮಾಡಬೇಕು. ಮುಂದಿನ ಕೆಲವು ಸಾಲು ಬಿಸಿನೆಸ್, ಹಿಂದಿನದೆಲ್ಲ ಎಕಾನಮಿ, ನಡುವೆ ಮೊಳಕಾಲುದ್ದದ ಒಂದು ಬಟ್ಟೆ. ನಮ್ಮಲ್ಲಿ ಕೆಂಪು ಬಸ್ಸಿಗೂ ಐರಾವತಕ್ಕೂ ವ್ಯತ್ಯಾಸ ಕೂತ ಕೂಡಲೇ ಬೆನ್ನಿಗೆ ಗೊತ್ತಾಗತ್ತೆ. ಇಲ್ಲಿ ಹಾಗಲ್ಲ. ಯುರೋಪಿನ ಹೆಚ್ಚಿನ ದೊಡ್ಡ ಕಂಪನಿಗಳ ಸಣ್ಣ ವಿಮಾನಗಳಲ್ಲಿ ಪರದೆಯ ಆಚೆ ಈಚೆ ಇರೋದು ಒಂದೇ ಸೀಟು, ಅದೇ ಅಗಲ. ಆಚೆ ಮೂರರಲ್ಲಿ ನಡುವಿನದನ್ನು ಖಾಲಿ ಬಿಡ್ತಾರೆ, ಅಷ್ಟೆ. ಪರದೆ ಒಂದು ಕಂಬಿಯ ಮೇಲೆ ಜಾರತ್ತೆ. ಅವತ್ತು ಎಷ್ಟು ಬಿಸಿನೆಸ್ ಟಿಕೆಟ್ ಮಾರಾಟವಾಗಿದೆಯೋ ಅಷ್ಟು ಸಾಲಿನ ಹಿಂದಕ್ಕೆ ಅದನ್ನು ತಂದು ನಿಲ್ಲಿಸ್ತಾರೆ. ಬೆಳಗ್ಗೆ ಬಿಸಿನೆಸ್ ಆಗಿದ್ದ ಆರನೇ ಸಾಲು ಸಂಜೆ ಎಕಾನಮಿ. ಲೌಂಜು, ಪಿಂಗಾಣಿ ತಟ್ಟೆಯ ಊಟ, ಟಿಕೆಟ್ ಬದಲಾಯಿಸುವ ಸೌಲಭ್ಯ, ಬೇಗ ಒಳಗೆ ಹೋಗುವ ಅವಕಾಶ ಇವೆಲ್ಲ ಅವರಿಗೆ ಸಿಗತ್ತೆ, ಇಲ್ಲ ಅನ್ನಲ್ಲ. ಆದರೆ ಸೀಟಿನ ಮಟ್ಟಿಗೆ ಅವರು ದುಡ್ಡು ಕೊಟ್ಟು ಕೊಂಡದ್ದು ಪಕ್ಕದಲ್ಲಿ ನಾನು ಇಲ್ಲದಿರೋದನ್ನು.

ಈ ಅಗ್ಗದ ಹಾರಾಟವನ್ನು ಸುಮ್ಮನೆ ಬೈದುಬಿಡೋದೂ ತಪ್ಪು. 1993ಕ್ಕೆ ಮೊದಲು ಯುರೋಪಿನಲ್ಲಿ ಯಾವ ಕಂಪನಿ ಎಲ್ಲಿಂದ ಎಲ್ಲಿಗೆ ಹಾರಬೇಕು, ಎಷ್ಟು ದರ ಇಡಬೇಕು ಅನ್ನೋದರಲ್ಲಿ ಸರ್ಕಾರಗಳ ಕೈ ಇರುತ್ತಿತ್ತು. ಆ ವರ್ಷದಿಂದ ಕಟ್ಟು ಸಡಿಲವಾಯಿತು; 1997ರಿಂದ ಒಕ್ಕೂಟದ ಒಂದು ದೇಶದ ಕಂಪನಿ ಇನ್ನೊಂದು ದೇಶದ ಎರಡು ಊರುಗಳ ನಡುವೆಯೂ ಹಾರಬಹುದಾಯಿತು. ಐರ್ಲೆಂಡಿನ ಕಂಪನಿ ಮಿಲಾನ್‌ನಿಂದ ಸಿಸಿಲಿಗೆ ಜನರನ್ನು ಕರೆದೊಯ್ಯುವುದು ಹೀಗೆ. ಜರ್ಮನಿಯಲ್ಲಿ ಕಟ್ಟಡ ಕಟ್ಟೋ ರೊಮೇನಿಯಾದವನು ಕ್ರಿಸ್‌ಮಸ್‌ಗೆ ಎರಡು ದಿನದ ಬಸ್ಸು ಬಿಟ್ಟು ಮಧ್ಯಾಹ್ನಕ್ಕೆ ಮನೆ ಸೇರೋದು ಇದರಿಂದಲೇ. ಅಂತಾರಾಷ್ಟ್ರೀಯ ಹಾರಾಟದ ಇಂಧನಕ್ಕೆ ತೆರಿಗೆ ಇಲ್ಲದಿರೋದೂ ಈ ಅಗ್ಗಕ್ಕೆ ಒಂದು ಕಾರಣ, ರೈಲಿನವರು ಹೊಟ್ಟೆ ಉರ್ಕೊಳ್ಳೋದು ನ್ಯಾಯವೇ. ಅದು ಬೇರೆ ಜಗಳ. ಇನ್ನು ಮ್ಯೂನಿಕ್ ಬಿಟ್ಟ ಸ್ವಲ್ಪ ಹೊತ್ತಿಗೆ ಕೆಳಗೆ ಆಲ್ಪ್ಸ್ ಬರತ್ತೆ. ಚಳಿಗಾಲದ ಬೆಳಗಿನ ಬಿಸಿಲಿನಲ್ಲಿ ಹಿಮದ ಏಣುಗಳ ಒಂದು ಮಗ್ಗುಲು ಹೊಳೀತಾ, ಇನ್ನೊಂದು ಮಗ್ಗುಲು ನೀಲಿಯಾಗಿ, ಕಣಿವೆಗಳ ತಳದಲ್ಲಿ ಮಂಜು ಹಾಲು ಉಕ್ಕಿದ ಹಾಗೆ ನಿಂತಿರತ್ತೆ. ಆಗ ಮಂಡಿ ನೆನಪಿರಲ್ಲ.

ಕಿಟಕಿಗೂ ದುಡ್ಡು ಕೊಟ್ಟಿರ್ತೀವಿ ಬಿಡಿ. ಬೋಯಿಂಗ್ 737ರಲ್ಲಿ ಒಂದೆರಡು ಕಡೆ ‘ಕಿಟಕಿ ಸೀಟಿಗೆ’ ಕಿಟಕಿಯೇ ಇರಲ್ಲ, ಗೋಡೆಯೊಳಗೆ ಗಾಳಿಯ ಕೊಳವೆ ಹೋಗಿರತ್ತೆ. ಆ ಸೀಟಿಗೂ ದುಡ್ಡು ಕೊಟ್ಟು ಗೋಡೆ ನೋಡ್ಕೊಂಡು ಹೋದವರಿದ್ದಾರೆ.

ನನ್ನ ತಕರಾರು ಇರೋದು ಇಲ್ಲಿ. ಟಿಕೆಟ್ ಅನ್ನೋದು ಬೆಲೆಯಾಗಿ ಉಳಿದಿಲ್ಲ, ಪರೀಕ್ಷೆಯಾಗಿದೆ. ಅಗ್ಗದ ಕಂಪನಿಗಳು ಕಲಿಸಿದ ಪಾಠವನ್ನು ಈಗ ಹಳೇ ರಾಷ್ಟ್ರೀಯ ಕಂಪನಿಗಳೂ ಕಂಠಪಾಠ ಮಾಡಿವೆ. 30 ಯೂರೋ ಟಿಕೆಟ್ಟಿಗೆ ಸೀಟು ಆರಿಸೋಕೆ ಬೇರೆ, ಗಂಡ ಹೆಂಡತಿ ಅಕ್ಕಪಕ್ಕ ಕೂರೋಕೆ ಬೇರೆ, ಪೆಟ್ಟಿಗೆಗೆ ಬೇರೆ. ನಮ್ಮಲ್ಲಿ ಅಗ್ಗದ ವಿಮಾನದಲ್ಲೂ ಸಾಮಾನ್ಯವಾಗಿ 15 ಕಿಲೋ ಲಗೇಜು ಟಿಕೆಟ್ಟಿನಲ್ಲೇ ಸೇರಿರತ್ತೆ. ಇಲ್ಲಿ ಬರೀ ಟಿಕೆಟ್ಟಿಗೆ ಸಿಗೋದು ಸೀಟಿನ ಕೆಳಗೆ ಹಿಡಿಯುವ, ಹೆಚ್ಚುಕಮ್ಮಿ 40 ಸೆಂ.ಮೀ. ಎತ್ತರ 30 ಅಗಲದ ಚೀಲ. ಗೇಟಿನ ಪಕ್ಕ ಅದನ್ನು ಅಳೆಯೋಕೆ ಒಂದು ಕಬ್ಬಿಣದ ಗೂಡು. ಚೀಲ ಅದರೊಳಗೆ ಇಳಿಯದಿದ್ದರೆ, ಟಿಕೆಟ್ಟಿಗಿಂತ ಹೆಚ್ಚು ದಂಡ ಬೀಳಬಹುದು. ಅಲ್ಲಿ ಸಿಕ್ಕಿಬೀಳೋರು ಯಾರು ಅಂತ ಗಮನಿಸಿ. ಪ್ರತಿವಾರ ಹಾರೋ ಕನ್ಸಲ್ಟೆಂಟ್ ಅಲ್ಲ. ಅವನ ಬೆನ್ನುಚೀಲವನ್ನು ಆ ಗೂಡಿಗಾಗಿಯೇ ಹೊಲಿದಿರತ್ತೆ. ಸಿಕ್ಕಿಬೀಳೋದು ವರ್ಷಕ್ಕೊಮ್ಮೆ ಮೊಮ್ಮಗುವನ್ನು ನೋಡೋಕೆ ಹೊರಟ ಅಜ್ಜಿ. ಎಲ್ಲರೆದುರು ನೆಲದ ಮೇಲೆ ಚೀಲ ಬಿಚ್ಚಿ, ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಳ್ತಾರೆ. ಸಾಲಿನಲ್ಲಿರೋರೆಲ್ಲ ಫೋನ್ ನೋಡ್ತಾರೆ.

ಯುರೋಪಿನ ನ್ಯಾಯಾಲಯ 2014ರಲ್ಲೇ ಹೇಳಿದೆ: ಕೈಚೀಲ ಪ್ರಯಾಣದ ಅಗತ್ಯ ಭಾಗ, ತೂಕ ಮತ್ತು ಅಳತೆ ನ್ಯಾಯವಾಗಿದ್ದರೆ ಅದಕ್ಕೆ ಬೇರೆ ಶುಲ್ಕ ಹಾಕುವಂತಿಲ್ಲ. ‘ನ್ಯಾಯವಾದ ಅಳತೆ’ ಎಷ್ಟು ಅಂತ ಮಾತ್ರ ಹೇಳಲಿಲ್ಲ. ಆ ಸಂದಿಯಲ್ಲೇ ಇಡೀ ವ್ಯಾಪಾರ ನಡೀತಿದೆ. 2024ರಲ್ಲಿ ಸ್ಪೇನ್ ಸರ್ಕಾರ ಇಂಥ ಶುಲ್ಕಗಳಿಗಾಗಿ ಐದು ಕಂಪನಿಗಳಿಗೆ ಒಟ್ಟು 179 ಮಿಲಿಯನ್ ಯೂರೋ ದಂಡ ಹಾಕಿತು. ಕಂಪನಿಗಳು ಅದನ್ನು ಪ್ರಶ್ನಿಸಿವೆ. ಕಬ್ಬಿಣದ ಗೂಡು ಇದ್ದಲ್ಲೇ ಇದೆ.

ಇಷ್ಟೆಲ್ಲ ಆದಮೇಲೂ ಆ ಹಿಂದಿನ ಸಾಲಿನವನ ಕೈಯಲ್ಲಿ ಒಂದು ಆಯುಧ ಇದೆ. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮ. 1,500 ಕಿ.ಮೀ. ಒಳಗಿನ ಹಾರಾಟ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ, ಕಾರಣ ಹವಾಮಾನದಂಥ ಕೈಮೀರಿದ ಸಂಗತಿಯಲ್ಲದಿದ್ದರೆ, ತಲೆಗೆ 250 ಯೂರೋ ಪರಿಹಾರ. ಟಿಕೆಟ್ಟಿಗೆ 20 ಕೊಟ್ಟಿರಲಿ, 600 ಕೊಟ್ಟಿರಲಿ, ಮೊತ್ತ ಒಂದೇ. ಕಿಲೋಮೀಟರ್ ಲೆಕ್ಕ ಹಾಕುವ ಈ ಕಾನೂನಿಗೆ ಪರದೆ ಕಾಣಲ್ಲ. ಇನ್ನೊಂದು ಮಾತು, ಇಲ್ಲಿರೋ ನಮ್ಮವರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲದ್ದು: ಈ ನಿಯಮ ಪಾಸ್‌ಪೋರ್ಟ್ ಕೇಳಲ್ಲ. ವಿಮಾನ ಒಕ್ಕೂಟದ ನಿಲ್ದಾಣದಿಂದ ಹೊರಟಿದ್ದರೆ ಸಾಕು. ಟೂರಿಸ್ಟ್ ವೀಸಾದ ಮೇಲೆ ಬಂದ ನಿಮ್ಮ ಅತ್ತೆಗೂ ಅಷ್ಟೇ ಹಕ್ಕು.

ಕಳೆದ ಚಳಿಗಾಲದಲ್ಲಿ ಅಪ್ಪ ಅಮ್ಮನ ಜೊತೆ ರೋಮ್‌ನಿಂದ ವಾಪಸ್ ಬರುವಾಗ ನಮ್ಮ ವಿಮಾನ 3 ಗಂಟೆ 40 ನಿಮಿಷ ತಡವಾಯಿತು. ಕಾರಣ, ಸಿಬ್ಬಂದಿ ಇಲ್ಲ. ಕಂಪನಿ ಆ್ಯಪಿನಲ್ಲಿ ತಲಾ ಒಂದು ಸ್ಯಾಂಡ್‌ವಿಚ್ ಕೂಪನ್ನು ಕಳಿಸಿ ಕೈ ತೊಳೆದುಕೊಂಡಿತು. ಪರಿಹಾರದ ಫಾರಂ ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿತ್ತು. ಮೊದಲ ಉತ್ತರದಲ್ಲಿ ಪರಿಹಾರದ ಬದಲು ಮುಂದಿನ ಪ್ರಯಾಣದ ವೋಚರ್ ತಗೊಳ್ಳಿ ಅಂದರು. ಬೇಡ, ಹಣವೇ ಬೇಕು ಅಂತ ನಿಯಮದ ಸಂಖ್ಯೆ ಹಾಕಿ ಬರೆದೆ. ಹತ್ತು ವಾರಕ್ಕೆ 750 ಯೂರೋ ಬಂತು, ಮೂವರ ಟಿಕೆಟ್ಟಿಗಿಂತ ಜಾಸ್ತಿ. ಊರಿಗೆ ವಾಪಸ್ ಹೋಗಿದ್ದ ಅಪ್ಪನಿಗೆ ಫೋನ್ ಮಾಡಿ ಹೇಳಿದರೆ, “ಗಾಡಿ ಲೇಟಾಯ್ತು ಅಂತ ದುಡ್ಡು ಕೊಟ್ರು ಅಂದ್ರೆ ಇಲ್ಲಿ ಯಾರೂ ನಂಬಲ್ಲ ಕಣೋ, ನೀನೇ ಕೊಟ್ಟೆ ಅಂದ್ಕೋತಾರೆ” ಅಂದರು. ಆದರೆ ಆ ಫಾರಂ ತುಂಬೋಕೆ ಮಗ ಬೇಕಾಯಿತು. ಅವತ್ತು ಹಿಂದಿನ ಸಾಲುಗಳಲ್ಲಿ ಕೂತಿದ್ದ ಬೇರೆ ವಯಸ್ಸಾದವರಲ್ಲಿ ಎಷ್ಟು ಜನಕ್ಕೆ ಸ್ಯಾಂಡ್‌ವಿಚ್ಚೇ ಕೊನೆಯಾಯಿತೋ. ಕೈಚೀಲದ ಗೂಡಿನಲ್ಲಿ ಸೋಲೋರೇ ಈ ಫಾರಂನಲ್ಲೂ ಸೋಲ್ತಾರೆ. ಅವರ ಪರವಾಗಿ ಅರ್ಜಿ ಹಾಕೋಕೆ ಅಂತಲೇ ಖಾಸಗಿ ಕಂಪನಿಗಳು ಹುಟ್ಟಿಕೊಂಡಿವೆ, ಸಿಕ್ಕಿದ್ದರಲ್ಲಿ ಒಂದು ಪಾಲು ಅವರಿಗೆ.

ಈಗ ಆ ಆಯುಧಕ್ಕೂ ಕೈ ಹಾಕಿದ್ದಾರೆ. 2025ರ ಜೂನ್‌ನಲ್ಲಿ ಸದಸ್ಯ ರಾಷ್ಟ್ರಗಳ ಸಾರಿಗೆ ಮಂತ್ರಿಗಳು ಒಂದು ಪ್ರಸ್ತಾವಕ್ಕೆ ಒಪ್ಪಿದರು: ಸಣ್ಣ ದೂರಕ್ಕೆ ಮೂರು ಗಂಟೆಯ ಮಿತಿ ನಾಲ್ಕಾಗಲಿ, ಪರಿಹಾರ 250ರ ಬದಲು 300 ಆಗಲಿ. ಯುರೋಪಿಯನ್ ಪಾರ್ಲಿಮೆಂಟಿನ ಸದಸ್ಯರು ಇದನ್ನು ವಿರೋಧಿಸಿದರು. ಐವತ್ತು ಜಾಸ್ತಿ ಅಂತ ಕೇಳೋಕೆ ಚೆನ್ನಾಗಿದೆ. ಆದರೆ ಆ ಲೆಕ್ಕದಲ್ಲಿ ಅಪ್ಪನ 3 ಗಂಟೆ 40 ನಿಮಿಷಕ್ಕೆ ಸೊನ್ನೆ. ಕಂಪನಿಗಳ ವಾದವನ್ನೂ ಹೇಳಿಬಿಡ್ತೀನಿ: ಮೂರು ಗಂಟೆಯಲ್ಲಿ ಬದಲಿ ವಿಮಾನ, ಬದಲಿ ಸಿಬ್ಬಂದಿ ತರೋದು ಕಷ್ಟ, ನಾಲ್ಕು ಸಿಕ್ಕರೆ ರದ್ದು ಮಾಡೋದು ಕಡಿಮೆಯಾಗತ್ತೆ. ಇದ್ದರೂ ಇರಬಹುದು. ಆದರೆ ಎರಡು ಗಂಟೆಯ ಹಾರಾಟಕ್ಕೆ ನಾಲ್ಕು ಗಂಟೆ ಕಾಯೋದನ್ನು ಸಹಜ ಅಂತ ಕಾನೂನಿನಲ್ಲೇ ಬರೆದಿಟ್ಟರೆ, ಮೂರೂವರೆ ಗಂಟೆ ತಡವಾದಾಗ ಅವಸರ ಮಾಡೋ ಕಾರಣ ಯಾರಿಗಿರತ್ತೆ?

ತಡವನ್ನು ಎಲ್ಲಿಯವರೆಗೆ ಅಳೀಬೇಕು ಅನ್ನೋದನ್ನೂ ನ್ಯಾಯಾಲಯ 2014ರಲ್ಲಿ ತೀರ್ಮಾನಿಸಿದೆ. ಚಕ್ರ ನೆಲಕ್ಕೆ ತಾಗಿದಾಗ ಅಲ್ಲ, ವಿಮಾನದ ಒಂದಾದರೂ ಬಾಗಿಲು ತೆರೆದಾಗ. ಎರಡು ಗಂಟೆ ಐವತ್ತು ನಿಮಿಷ ತಡವಾಗಿ ಇಳಿದ ವಿಮಾನದಲ್ಲಿ ನಾನು ಕೂತಿದ್ದೆ ಒಮ್ಮೆ. ಅದು ರನ್‌ವೇಯಿಂದ ಗೇಟಿಗೆ ಓಡಿದ ವೇಗ ಇನ್ನೂ ಕಣ್ಣಿಗೆ ಕಟ್ಟಿದೆ.