ಕಾಯಿ ಹಣ್ಣಾಗುವ ಹೊತ್ತು

ಶಿವರಾತ್ರಿಯಂದು ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದವರು ಮಾದಪ್ಪನ ಸನ್ನಿಧಿಯಲ್ಲಿ ಎಚ್ಚರವಿದ್ದರೆ, ಊರಲ್ಲುಳಿದವರ ಜಾಗರಣೆಗೆ ಚೌಕಾಬಾರ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ 25 ಮನೆ, ನಾಲ್ಕು ಕವಡೆ. ಕವಡೆಯಿಲ್ಲದಿದ್ದರೆ ಒಂದು ಮಗ್ಗುಲು ತೇಯ್ದ ಹುಣಸೆಬೀಜ. ನಡುರಾತ್ರಿಯಲ್ಲಿ "ಹಣ್ಣಾಯ್ತು ಕನವ್ವ!" ಎಂಬ ಕೂಗು ಕೇಳಿದರೆ ನಿದ್ದೆ ಹಾರಿತೆಂದೇ ಲೆಕ್ಕ.

ಈ ಆಟದ ಮಾತುಗಳನ್ನು ಪ್ರೋಗ್ರಾಂ ಬರೆಯುವವರ ಮಾತಿನ ಪಕ್ಕದಲ್ಲಿಟ್ಟು ನೋಡಬೇಕು. ಅವರಿಗೆ ಮನೆಯೆಂದರೆ ಒಂದು ಅಂಕಿ. ಹೊರಸುತ್ತಿನ ಮನೆ 16, ಒಳಸುತ್ತಿನವು 8, ನಡುವಿನದು 1. ಹೊರಟ ಮನೆ ಸೊನ್ನೆಯಾದರೆ ಕೊನೆಯದು 24. ನನ್ನ ದಾರಿಯಲ್ಲಿ 4, 8, 12ನೆಯ ಮನೆಗಳು ಉಳಿದ ಮೂವರ ಸೊನ್ನೆಗಳು! ಜಗಲಿಯಲ್ಲಿ ಎಷ್ಟೋ ವರ್ಷ ಆಡಿದವರಿಗೂ ಕಾಣದ ಈ ಚೆಲುವು ಅಂಕಿಯಲ್ಲಿ ಬರೆದಾಗ ಕಣ್ಣಿಗೆ ಬೀಳುತ್ತದೆ.

ಗರದ ಸೊಗಸೂ ಹಾಗೆಯೇ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಎರಡು ಮಗ್ಗುಲೂ ಸಮವೆಂದುಕೊಂಡರೆ ಒಂದೊಂದೂ ಬೀಳುವುದು 16ರಲ್ಲಿ ಒಂದು ಸಲ. ಎರಡು ಬೀಳುವುದು ಆರು ಸಲ. ಆದರೆ ಕೈಯಲ್ಲಿ ತೇಯ್ದ ಬೀಜಕ್ಕೆ ತನ್ನದೇ ವಾಲುವಿಕೆ ಇರುತ್ತದೆ. ಅದನ್ನು ಬಲ್ಲದ್ದು ಅಜ್ಜಿಯ ಅಂಗೈ.

ಗೀಟು ಹಾಕಿದ ಮನೆ ಪ್ರೋಗ್ರಾಮಿಗೆ 'ಇಲ್ಲಿ ಎದುರಾಳಿಯ ಕಾಯಿಯನ್ನು ಕಡಿಯುವಂತಿಲ್ಲ' ಎಂಬ ನಿಬಂಧನೆ. ಆಡುವವರಿಗೆ ಅದು ಕಟ್ಟೆ, ದಣಿದವರು ಅಂಜದೆ ಕೂರುವ ಅರಳಿಕಟ್ಟೆಯ ನಂಟು. 24 ತಲುಪಿದರೆ ಪ್ರೋಗ್ರಾಮಿಗೆ ಓಟ ಮುಗಿಯಿತು. ಆಡುವವರಿಗೆ ಕಾಯಿ ಹಣ್ಣಾಯಿತು. ಕಡಿಸಿಕೊಂಡು ಮರಳಿ ಹೊರಟದ್ದು, ತಾನೂ ಒಂದನ್ನು ಕಡಿದು ಒಳಸುತ್ತಿಗೆ ದಾರಿ ಪಡೆದದ್ದು, ಕಟ್ಟೆಯಲ್ಲಿ ಕಾದದ್ದು, ಎಲ್ಲವೂ ಆ ಒಂದು ಮಾತಿನಲ್ಲಿ ಮಾಗಿದೆ.

ಈ ಮಾತಿಗೆ ಆಳ್ವಿಕೆಯ ಗಡಿಯೂ ಇಲ್ಲ. ಯಳಂದೂರು ಮೈಸೂರಿನ ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಪಕ್ಕದ ಕೊಳ್ಳೇಗಾಲ 1956ರವರೆಗೂ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಳುವವರು ಬೇರೆಯಾದರೂ ಕಾಯಿ ಹಣ್ಣಾಗುವುದು ಎರಡೂ ಕಡೆ ಒಂದೇ. ತಮಿಳರ ತಾಯದಾಟದಲ್ಲೂ ಮನೆ ಸೇರಿದ ಕಾಯಿ 'ಪಳಂ', ಅಂದರೆ ಹಣ್ಣು.

ಪ್ರೋಗ್ರಾಂ ಬರೆಯುವ ಪೈಥಾನ್ 3 ಭಾಷೆಯಲ್ಲಿ ಕನ್ನಡದ ಅಕ್ಷರಗಳಲ್ಲೇ ಹೆಸರಿಡಬಹುದು. ಚೌಕಾಬಾರವನ್ನು ಮೊಬೈಲಿಗೆ ತರುವ ಮಕ್ಕಳೇ, ಅಂಕಿ ನಿಮ್ಮದೇ ಇರಲಿ. ಕಟ್ಟೆಯನ್ನು ಕಟ್ಟೆಯೆಂದೇ, ಹಣ್ಣನ್ನು ಹಣ್ಣೆಂದೇ ಬರೆಯಿರಿ.