ಮುಳ್ಳು ಉಳಿದಾಗ: ನಮ್ಮ ಪ್ರಬೋಧನೆಗಳ ಒಂದು ವಿಮರ್ಶೆ

ಮಾನವನ ಇತಿಮಿತಿಗಳನ್ನು ಕುರಿತು ಬೋಧಿಸುವಾಗ ನಾವು ಗುರುಗಳು ಪದೇ ಪದೇ ಮೊರೆಹೋಗುವುದು ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 12ನೆಯ ಅಧ್ಯಾಯದ 7ರಿಂದ 10ರವರೆಗಿನ ವಚನಗಳಿಗೆ. ನಾವು ಆತುರದಿಂದ ಓದಿಬಿಡುವುದೂ ಇದೇ ವಾಕ್ಯಭಾಗವನ್ನು. ಆ ತಪ್ಪು ಮೊದಲು ನನ್ನದು. ಆದ್ದರಿಂದ ವಿಮರ್ಶೆಯನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಮಳೆ ಕೈಕೊಟ್ಟ ಒಂದು ವರ್ಷ ಜಗಳೂರು ತಾಲೂಕಿನ ಹಳ್ಳಿಯೊಂದರಲ್ಲಿ ಬಲಿಪೂಜೆ ಅರ್ಪಿಸುತ್ತಾ, ವಿಶ್ವಾಸ ದೃಢವಾಗಿದ್ದರೆ ಸಾಲದ ಹೊರೆಯೂ ದೇಹದ ಬೇನೆಯೂ ನೀಗುತ್ತವೆಂದು ಬೋಧಿಸಿದೆ. ಪೂಜೆ ಮುಗಿದ ಮೇಲೆ ಕಣ್ಣು ಮಂಜಾದ ವೃದ್ಧೆಯೊಬ್ಬರು ಮೊಮ್ಮಗಳ ಭುಜ ಹಿಡಿದು ಬಂದು, “ಹಂಗಾದ್ರೆ ನನ್ನ ವಿಶ್ವಾಸನೇ ಸಾಲ್ದೇನು ಫಾದರ್? ಹನ್ನೊಂದು ವರ್ಷದಿಂದ ಕೇಳ್ತಾನೇ ಇದೀನಲ್ಲ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ತಾಯಿಯ ಮುಳ್ಳನ್ನು ನಾನು ಕೀಳಲಿಲ್ಲ, ಅದರ ಪಕ್ಕದಲ್ಲಿ ಇನ್ನೊಂದನ್ನು ನೆಟ್ಟಿದ್ದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ತಾಲೂಕುಗಳಲ್ಲಿ ಕ್ರೈಸ್ತರ ಸಂಖ್ಯೆ ಅಲ್ಪ. ಊರಿಗೆ ಕೆಲವೇ ಮನೆಗಳಿರುವಲ್ಲಿ ಗುರುವಿನ ಒಂದು ಮಾತು ವರ್ಷಗಟ್ಟಲೆ ಉಳಿಯುತ್ತದೆ. ಅಲ್ಲಿ ಕೇಳಿಬರುವ ಪ್ರಬೋಧನೆಗಳಲ್ಲಿ ಎರಡು ಬಗೆಯವನ್ನು ಇಲ್ಲಿ ಪರಿಶೀಲಿಸಬಯಸುತ್ತೇನೆ. ಮೊದಲನೆಯದು, ವಿಶ್ವಾಸವು ಮಿತಿಯನ್ನು ಅಳಿಸಿಹಾಕುತ್ತದೆ ಎನ್ನುವುದು. ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಸುತ್ತಲಿನ ತಾಲೂಕುಗಳಿಂದ ಜನ ಹರಕೆ ಹೊತ್ತು ಹೋಗುತ್ತಾರೆ. ಗುಣವಾದವರು ಸಾಕ್ಷ್ಯ ಹೇಳುತ್ತಾರೆ; ಗುಣವಾಗದವರು ಮುಂದಿನ ವರ್ಷವೂ ಬರುತ್ತಾರೆ. ಈ ಎರಡನೆಯವರ ವಿಶ್ವಾಸವನ್ನು ನಮ್ಮ ಪ್ರಬೋಧನೆ ಹೆಸರಿಸುವುದೇ ಇಲ್ಲ. ಎರಡನೆಯ ಬಗೆ, ಬಂದದ್ದೆಲ್ಲವೂ ಶಿಲುಬೆ, ಸುಮ್ಮನೆ ಹೊರಬೇಕು ಎನ್ನುವುದು. ಮೊದಲನೆಯದು ದುರ್ಬಲರ ಮೇಲೆ ಅಪರಾಧವನ್ನು ಹೊರಿಸಿದರೆ, ಎರಡನೆಯದು ಅವರ ಬಾಯಿ ಕಟ್ಟುತ್ತದೆ.

ಪೌಲರ ಪಠ್ಯ ಇವೆರಡನ್ನೂ ಸಮರ್ಥಿಸುವುದಿಲ್ಲ. ‘ಸ್ಕೋಲೊಪ್ಸ್’ ಎಂಬ ಗ್ರೀಕ್ ಪದಕ್ಕೆ ಮುಳ್ಳು ಎಂಬ ಅರ್ಥವೂ ಉಂಟು, ಚೂಪಾದ ಗೂಟ ಎಂಬ ಅರ್ಥವೂ ಉಂಟು. ಅದು ಕಣ್ಣಿನ ಬೇನೆಯೋ, ಮರುಕಳಿಸುವ ಜ್ವರವೋ, ವಿರೋಧಿಗಳ ಕಾಟವೋ ಎಂದು ವ್ಯಾಖ್ಯಾನಕಾರರು ಚರ್ಚಿಸುತ್ತಲೇ ಬಂದಿದ್ದಾರೆ. ಪೌಲರು ಮಾತ್ರ ಹೇಳಲಿಲ್ಲ. ಅವರು ಹೇಳಿದ್ದು, ಅದು ತೊಲಗಲೆಂದು ಮೂರು ಸಲ ಬೇಡಿದೆನೆಂದು. ಬೇಡಿಕೆಗೆ ಬಳಸಿದ ಕ್ರಿಯಾಪದ, ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಕುಷ್ಠರೋಗಿ ಯೇಸುವಿನ ಮುಂದೆ ಮೊರೆಯಿಡುವಾಗ ಬರುವ ಕ್ರಿಯಾಪದವೇ. ಗೆತ್ಸೆಮನಿಯಲ್ಲಿ ಯೇಸುವೂ ಮೂರು ಬಾರಿ ಪ್ರಾರ್ಥಿಸಿದರು. ಆದ್ದರಿಂದ ಬೇಡುವುದು ವಿಶ್ವಾಸದ ಕೊರತೆಯಲ್ಲ, ಬೇಡಿದ್ದು ಸಿಗದಿರುವುದೂ ವಿಶ್ವಾಸದ ಕೊರತೆಗೆ ಪುರಾವೆಯಲ್ಲ.

ಪ್ರಭುವಿನ ಉತ್ತರದಲ್ಲಿ ಮುಳ್ಳು ಹೋಗುವುದೆಂಬ ಆಶ್ವಾಸನೆಯಿಲ್ಲ. ಕೃಪೆ ಸಾಕೆಂಬ ಆಶ್ವಾಸನೆಯಿದೆ. ಅದಕ್ಕೆ ಪೌಲರು ಕೊಡುವ ಪ್ರತಿಕ್ರಿಯೆಯಲ್ಲಿ ಒಂದು ಅಪರೂಪದ ಕ್ರಿಯಾಪದವಿದೆ: ಕ್ರಿಸ್ತರ ಶಕ್ತಿ ತನ್ನ ಮೇಲೆ ‘ಗುಡಾರ ಹಾಕಲಿ’ ಎಂಬ ಅರ್ಥದ್ದು. ಯೊವಾನ್ನನ ಮೊದಲ ಅಧ್ಯಾಯದಲ್ಲಿ ವಾರ್ತೆ ನಮ್ಮ ನಡುವೆ ನೆಲೆಸಿದ್ದನ್ನು ಹೇಳುವ ಪದವೂ ಇದೇ ಮೂಲದಿಂದ ಬಂದದ್ದು. ಬಯಲುಸೀಮೆಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಕುರಿಗಾಹಿ ಬಿಡಾರ ಹೂಡುವುದು ಹೊಲ ಖಾಲಿಯಾದ ಮೇಲೆ. ಮಂದೆ ರಾತ್ರಿ ತಂಗಿ ಹೋದ ನೆಲವೇ ಮುಂದಿನ ಬೆಳೆಗೆ ಹದವಾಗುತ್ತದೆ. ಪೌಲರ ದೌರ್ಬಲ್ಯ ಅಂಥ ಖಾಲಿ ಹೊಲ. ಅದು ಹಾಗೆಯೇ ಇರುತ್ತದೆ, ಆದರೆ ಅಲ್ಲಿ ಈಗ ಒಬ್ಬರ ವಾಸವಿದೆ.

ಹಾಗೆಂದು ಎಲ್ಲ ನೋವನ್ನೂ ಈ ಗುಡಾರದಡಿ ತಂದು ಪವಿತ್ರಗೊಳಿಸಲಾಗದು. 10ನೆಯ ವಚನದಲ್ಲಿ ಪೌಲರು ಒಪ್ಪಿಕೊಳ್ಳುವ ಕಷ್ಟಗಳು ಕ್ರಿಸ್ತರ ನಿಮಿತ್ತ ಬಂದವು. ಬಡ್ಡಿಯ ಶೋಷಣೆ, ಜಾತಿಯ ಅವಮಾನ, ಮನೆಯೊಳಗಿನ ಹೊಡೆತ ಇವು ವ್ಯಕ್ತಿಯ ಮಿತಿಗಳಲ್ಲ, ಇತರರು ಮಾಡಿದ ಅನ್ಯಾಯಗಳು. ಇದೇ ಪತ್ರದ 8 ಮತ್ತು 9ನೆಯ ಅಧ್ಯಾಯಗಳಲ್ಲಿ ಪೌಲರು ಜೆರುಸಲೇಮಿನ ಬಡವರಿಗಾಗಿ ಹಣ ಸಂಗ್ರಹಿಸಲು ಶ್ರಮಿಸುತ್ತಾರೆ. ಕೃಪೆ ಸಾಕೆಂದು ಹೇಳಿ ಅವರನ್ನು ಬರಿಗೈಯಲ್ಲಿ ಬಿಡುವುದಿಲ್ಲ.

ಗುರುವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಲತೀನ್ ಭಾಷೆ ತಲೆಗೆ ಹತ್ತದೆ ಗುರುಮಠದಲ್ಲಿ ಸೋತ ಸಂತ ಜಾನ್ ಮರಿಯ ವಿಯಾನ್ನಿಯವರನ್ನು ನಾವು ಓದದಿರುವುದಕ್ಕೆ ನೆಪವಾಗಿ ಉದಾಹರಿಸುವುದುಂಟು. 1815ರಲ್ಲಿ ದೀಕ್ಷೆ ಪಡೆದು 1818ರಲ್ಲಿ ಆರ್ಸ್‌ಗೆ ಬಂದ ಅವರು ಒಂದೊಂದು ಪ್ರಬೋಧನೆಯನ್ನೂ ಬಹಳ ಕಷ್ಟಪಟ್ಟು ಸಿದ್ಧಪಡಿಸುತ್ತಿದ್ದರು. 1929ರಲ್ಲಿ ಧರ್ಮಕೇಂದ್ರಗಳ ಗುರುಗಳ ಪಾಲಕರೆಂದು ಘೋಷಿತರಾದ ಆ ಸಂತರು ಮಿತಿಯನ್ನು ಒಪ್ಪಿಕೊಂಡರು. ಅದರ ಹಿಂದೆ ಅಡಗಿಕೊಳ್ಳಲಿಲ್ಲ. ಕೃಪೆಯು ಮಾನವ ಸ್ವಭಾವವನ್ನು ಬದಿಗೆ ಸರಿಸದೆ ಅದನ್ನೇ ಪೂರ್ಣತೆಗೆ ಒಯ್ಯುತ್ತದೆಂಬ ಅಕ್ವಿನಾಸರ ತತ್ತ್ವಕ್ಕೆ ಇದೊಂದು ಜೀವಂತ ನಿದರ್ಶನ.

ಈ ವಾಕ್ಯಭಾಗವನ್ನು ಬೋಧಿಸುವ ಗುರು ಮೂರು ವಿಷಯಗಳನ್ನು ಮರೆಯಬಾರದೆಂದು ನನಗನಿಸುತ್ತದೆ. ಒಂಬತ್ತನೆಯ ವಚನದ ಉತ್ತರಕ್ಕೆ ಹಾರುವ ಮುನ್ನ ಎಂಟನೆಯ ವಚನದ ಮೊರೆ ಸಭೆಗೆ ಕೇಳಿಸಬೇಕು. ವ್ಯಾಧಿಸ್ಥರ ಅಭ್ಯಂಗಕ್ಕೆ ಹೋದವರು ವೈದ್ಯರ ಬಳಿಗೂ ದಾರಿ ತೋರಿಸಬೇಕು. ತೆಗೆಯಬಹುದಾದ ಮುಳ್ಳನ್ನು ಶಿಲುಬೆಯೆಂದು ಕರೆಯಬಾರದು.

ಆ ವೃದ್ಧೆಗೆ ಅಂದು ಕೊಡಲಾಗದ ಉತ್ತರವನ್ನು ಈಗ ಹೀಗೆ ಹೇಳುತ್ತಿದ್ದೆ: ಅಮ್ಮಾ, ಹನ್ನೊಂದು ವರ್ಷ ಕೇಳುತ್ತಲೇ ಇರುವ ನಿಮ್ಮ ವಿಶ್ವಾಸ ಸಣ್ಣದಲ್ಲ. ಪೌಲರು ಮೂರು ಸಲ ಕೇಳಿದರೆಂದು ಬರೆದಿದ್ದಾರೆ. ನೀವು ಎಷ್ಟು ಸಲ ಕೇಳಿದ್ದೀರೆಂಬುದನ್ನು ದೇವರು ಬಲ್ಲರು. ಬನ್ನಿ, ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸೋಣ. ಮತ್ತೂ ಕೇಳೋಣ, ಈ ಸಲ ನಿಮ್ಮ ಜೊತೆ ನಾನೂ ಕೇಳುತ್ತೇನೆ.